ಸೀಸ ಇಳಿಸುವ ಲೋಟ

“ಬೋಳಿಮಗನೇ, ಬಿಟ್ಟಿ ಸಿಕ್ಕಿದ ಜ್ಯೂಸ್ ಕುಡಿಯೋಕೂ ನಿಂಗೆ ದಾಡಿನಾ?”

ಕಾರ್ಖಾನೆಯ ಆಫೀಸಿನಲ್ಲಿ ಯಜಮಾನ ಕುಲುಮೆಯ ಆಳಿನ ಮೇಲೆ ರೇಗುತ್ತಿದ್ದ. ಆಳಿನ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಹಳೇ ಬ್ಯಾಟರಿ ಒಡೆದು, ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಯಜಮಾನನ ಮನೆ ಎಬ್ಬಿಸಿದ ಕೈ ಅದು. ಈಗ ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು.

ಹೆಂಡತಿ ಬಟ್ಟೆಯ ಗಂಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಕಾಯಿಲೆ ಕುಲುಮೆಯಿಂದಲೇ ಬಂದದ್ದು ಎಂದು ಕಾರ್ಖಾನೆಯ ಡಾಕ್ಟರು ಬಾಯಿಬಿಟ್ಟು ಹೇಳಿದರೆ ಯಜಮಾನ ಗಂಡನನ್ನು ದೊಡ್ಡಾಸ್ಪತ್ರೆಗೆ ಸೇರಿಸಲೇಬೇಕು. ಆ ಒಂದು ಮಾತಿಗಾಗಿ ಅವಳು ಬಂದಿದ್ದಳು.

ಡಾಕ್ಟರು ಆಗಷ್ಟೇ ಅವನ ಬಾಯಿ ತೆರೆಸಿ ನೋಡಿದ್ದರು. “ವಸಡಲ್ಲಿ ನೀಲಿ ಗೆರೆ ಇದೆ. ಸೀಸ ಮೈಗೇರಿದ ಗುರುತು,” ಎಂದಿದ್ದರು. ಆದರೆ ಏರಿಸಿದ್ದು ಯಾರು ಎಂಬ ಪ್ರಶ್ನೆ ಬಂದಾಗ ಅವರ ಕಣ್ಣು ಮೇಜಿನ ಮೇಲಿದ್ದ ಕೆಂಪು ರಸದ ಜಗ್ಗಿನ ಕಡೆ ಹೋಯಿತು.

ಆ ಜಗ್ಗಿಗೂ ಒಂದು ಚರಿತ್ರೆ ಇದೆ. ಕುಲುಮೆಯ ಹೊಗೆ ಎಳೆಯುವ ಫ್ಯಾನು ಕೆಟ್ಟು ಯಾವ ಕಾಲವಾಯಿತೋ. ಸರಿಮಾಡಿಸಿ ಎಂದು ಆಳುಗಳು ಗೋಗರೆದಾಗ ಯಜಮಾನ ಫ್ಯಾನು ಸರಿಮಾಡುವವನ ಬದಲು ಡಾಕ್ಟರನ್ನು ಕರೆತಂದ. ಈ ಮಹಾನುಭಾವರು ಗೇಟಿನಿಂದ ಒಳಗೆ ಕಾಲಿಡದೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಉಪದೇಶ ಕೊಟ್ಟರು: ಬೀಟ್‌ರೂಟ್, ಕ್ಯಾರೆಟ್, ಕೊತ್ತಂಬರಿ ರಸ ಕುಡಿದರೆ ಸೀಸ ಮೈಯಿಂದ ತಾನಾಗಿ ಇಳಿದುಹೋಗುತ್ತದೆ. ಅಂದಿನಿಂದ ಸಂಜೆ ಗೇಟಿನಲ್ಲಿ ತಲೆಗೊಂದು ಲೋಟ. ಫ್ಯಾನಿನ ಮಾತು ಅಲ್ಲಿಗೇ ನಿಂತಿತು. “ಸೀಸ ತಿನ್ನಿಸೋನೂ ಅವನೇ, ಬಾಯಿ ತೊಳೆಸೋನೂ ಅವನೇ,” ಎಂದು ಆಳುಗಳು ನಕ್ಕು ಕುಡಿಯುತ್ತಿದ್ದರು.

“ಜ್ಯೂಸ್ ಬಾಟ್ಲಿಗೆ ಸುರ್ಕೊಂಡು ಹೋಗ್ತಿದ್ನಂತೆ,” ಯಜಮಾನ ಹಲ್ಲು ಕಡಿದ. “ವಾಚ್‌ಮನ್ ಕಣ್ಣಾರೆ ನೋಡಿದಾನೆ. ಎಲ್ಲಿ ಮಾರ್ತಿದ್ದೆ, ಬೊಗಳೋ.”

“ಮಾರಿಲ್ಲ ಯಜಮಾನ್ರೇ. ಇವಳಿಗೆ ಒಯ್ತಿದ್ದೆ. ನನ್ ಬಟ್ಟೆ ಒಗೆಯೋಳು ಇವಳು. ಧೂಳೆಲ್ಲ ಇವಳ ಮೂಗಿಗೇ ಹೋಗುತ್ತಲ್ಲ ಅಂತ.”

ಅವಳು ಗಂಡನ ಕಡೆ ತಿರುಗಿದಳು. ‘ನಂದು ಕುಡ್ದೆ, ಇದು ಮಿಕ್ಕಿದ್ದು ಕಣೇ’ ಎಂದು ದಿನಾ ಕೈಗೆ ಕೊಡುತ್ತಿದ್ದ. ನಂಬಿಕೊಂಡು ಗಟಗಟ ಕುಡಿದಿದ್ದಳು. ಈ ಹುಚ್ಚನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು, ಅಳುವೂ ಬಂತು.

ಡಾಕ್ಟರು ಗೆದ್ದವರ ಹಾಗೆ ಕುರ್ಚಿಗೆ ಒರಗಿದರು. “ಮುಗೀತಲ್ಲ. ಕುಡಿದಿದ್ರೆ ಈ ಗತಿ ಬರ್ತಿರಲಿಲ್ಲ. ತಪ್ಪು ಇವನದೇ, ಕಾರ್ಖಾನೇದಲ್ಲ.”

“ಕುಡಿದೋರಿಗೆ ಸೀಸ ಏರಲ್ವಾ ಡಾಕ್ಟ್ರೇ?” ಎಂದಳು ಹೆಂಡತಿ.

“ಏರಲ್ಲಮ್ಮ.”

“ಇವರ ಪಾಲು ಕುಡಿದೋಳು ನಾನು. ಕುಲುಮೆ ಕಡೆ ತಲೆ ಹಾಕಿದೋಳೂ ಅಲ್ಲ.” ಅವಳು ಕೆಳತುಟಿಯನ್ನು ಬೆರಳಿನಿಂದ ಕೆಳಕ್ಕೆಳೆದು ಮುಂದೆ ಬಗ್ಗಿದಳು. “ನೋಡಿ.”

ಡಾಕ್ಟರು ನೋಡಿದರು. ಗಂಡನ ವಸಡಿನಲ್ಲಿದ್ದ ಅದೇ ನೀಲಿ ಗೆರೆ. ಕನ್ನಡಕ ಸರಿಮಾಡಿಕೊಂಡು, “ಹಲ್ಲು ಸರಿಯಾಗಿ ಉಜ್ಜಲ್ವೇನಮ್ಮ?” ಎಂದರು.

“ಆಯ್ತು ಬಿಡು, ನಾಳೆಯಿಂದ ಕ್ಯಾರೆಟ್ ಜಾಸ್ತಿ ಹಾಕಿಸ್ತೀನಿ,” ಎಂದ ಯಜಮಾನ. “ಈಗ ನಡೀರಿ ಹೊರಗೆ.”

ಅವಳು ಹೊರಗೆ ಹೋಗಲಿಲ್ಲ. ಗಂಟು ಬಿಚ್ಚಿದಳು. ಅದರಲ್ಲಿದ್ದದ್ದು ಗಂಡನ ಕೆಲಸದ ಬಟ್ಟೆ. ಡಾಕ್ಟರಿಗೆ ತೋರಿಸೋಣವೆಂದು ಒಗೆಯದೆ ಇಟ್ಟಿದ್ದಳು. ಅಂಗಿಯ ಎರಡೂ ಭುಜ ಹಿಡಿದು, ಅಂಗಳದಲ್ಲಿ ದಿನಾ ಕೊಡವುವ ಹಾಗೆಯೇ, ಮೇಜಿನ ಮೇಲೆ ಪಟಪಟನೆ ಕೊಡವಿದಳು. ಬೂದುಬಣ್ಣದ ಧೂಳು ಎದ್ದು ಯಜಮಾನನ ಬಿಳಿ ಅಂಗಿಯ ಮೇಲೆ, ಡಾಕ್ಟರ ಕನ್ನಡಕದ ಮೇಲೆ, ಜಗ್ಗಿನೊಳಗಿನ ಕೆಂಪು ರಸದ ಮೇಲೆ ಕೂತಿತು.

“ಏಯ್ ಮುಂಡೇ! ಸಾಯಿಸ್ತೀಯೇನೇ?” ಯಜಮಾನ ಮೂಗು ಮುಚ್ಚಿಕೊಂಡು ಕೆಮ್ಮಿದ. “ಯಾರ್ರೋ ಅಲ್ಲಿ, ಬಾಗಿಲು ತೆಗೀರೋ!”

ಹೊರಗೆ ಕುಲುಮೆಯ ಆಳುಗಳೆಲ್ಲ ಕಿಟಕಿಯ ಗಾಜಿಗೆ ಮುಖವೊತ್ತಿ ನಿಂತಿದ್ದರು. ಅವರಲ್ಲೊಬ್ಬ ಹೋಗಿ ಹೊರಗಿನಿಂದ ಚಿಲಕ ಹಾಕಿದ.

ಅವಳು ಲೋಟ ತುಂಬಿಸಿ ಮೇಜಿನ ಮೇಲಿಟ್ಟಳು. ಗಂಡ ಎಡಗೈಯಿಂದ ಅದನ್ನು ಯಜಮಾನನ ಮುಂದಕ್ಕೆ ತಳ್ಳಿದ.

“ಹೆದರಬೇಡಿ, ಕುಡೀರಿ,” ಎಂದಳು ಅವಳು. “ತಾನಾಗಿ ಇಳಿದುಹೋಗುತ್ತೆ.”

ಆಮೇಲೆ ಬಗ್ಗಿ, ಗಂಟಿನಿಂದ ಪ್ಯಾಂಟನ್ನು ತೆಗೆದಳು.