ದೇವರ ಪಾಲು

"ಬರ್ಲಿ, ಬರ್ಲಿ," ಎನ್ನುತ್ತಾ ಅವಳು ಗಂಡನ ಬೆನ್ನು ತಟ್ಟುತ್ತಿದ್ದಳು. ಬಸ್ಸನ್ನು ಹಿಂದಕ್ಕೆ ತೆಗೆಸುವ ಕಂಡಕ್ಟರನ ದನಿ ಅದು. ಅವನು ಸ್ಟೂಲಿನ ಮೇಲೆ ಕೂತು, ತಲೆದಿಂಬು ಅಪ್ಪಿಕೊಂಡು ಮೇಜಿಗೆ ಬಾಗಿದ್ದ. ಎದುರಿನ ಗೋಡೆಯಲ್ಲಿ ಶೇವಿಂಗ್ ಕನ್ನಡಿ ತೂಗುತ್ತಿತ್ತು.

ತಟ್ಟುವ ಮುಂಚೆ ಅವಳು ಬಲಗೈಯ ಬಳೆಗಳನ್ನು ಮೊಣಕೈಯವರೆಗೆ ಸರಿಸಿಕೊಳ್ಳುತ್ತಿದ್ದಳು. ಮೊದಮೊದಲು ಹಾಗೆ ಮಾಡದೆ ಒಂದು ಬಳೆ ಅವನ ಬೆನ್ನ ಮೇಲೇ ಒಡೆದಿತ್ತು. ಆಮೇಲೆ ಬೆರಳು ಸೇರಿಸಿ, ನೀರು ಹಿಡಿಯುವ ಹಾಗೆ ಅಂಗೈ ಗುಳಿ ಮಾಡಿಕೊಳ್ಳಬೇಕು. ಕೈ ಚಪ್ಪಟೆಯಾದರೆ ಚಟ್ಟೆಂದು ಪೆಟ್ಟು ಬೀಳುತ್ತದೆ. ಗುಳಿಯಿದ್ದರೆ ಡೊಬ್ ಡೊಬ್ ಎಂದು ಸದ್ದಾಗಿ ಎದೆಯೊಳಗಿನ ಕಫ ಸಡಿಲಾಗುತ್ತದೆ. ಆಸ್ಪತ್ರೆಯ ನರ್ಸ್ ಹೇಳಿಕೊಟ್ಟ ವಿದ್ಯೆ ಇದು.

ಅವನು ಕೆಮ್ಮಿ, ಬೇಸಿನ್ನಿಗೆ ಉಗುಳಿ, ಬಾಯಿ ಒರೆಸಿಕೊಂಡ. ಎದೆ ತುಂಬ ಉಸಿರೆಳೆದು ಕಿಟಕಿಯಾಚೆಯ ಗುಡ್ಡ ನೋಡುತ್ತಾ ಹೇಳಿದ, "ದೇವರು ದೊಡ್ಡವನು ಕಣೇ."

ಅವಳಿಗೆ ಮೈಯೆಲ್ಲ ಉರಿಯಿತು. ಬೇಸಿನ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅದನ್ನು ತೊಳೆಯಲು ಆ ದೊಡ್ಡವನು ಬರುವುದಿಲ್ಲವಲ್ಲ.

ಪಟ್ಟಣದ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದೂ ಹೊಡೆದೂ ಅವನ ಎದೆ ಹಾಳಾಗಿತ್ತು. ಒಳ್ಳೆಯ ಗಾಳಿ ಇರುವ ಕಡೆ ಹೋಗಿ ಎಂದರು ಡಾಕ್ಟರು. ಅವಳು ಚೆನ್ನಾಗಿ ನಡೆಯುತ್ತಿದ್ದ ತನ್ನ ಟೈಲರ್ ಅಂಗಡಿ ಮುಚ್ಚಿ, ಒಂದು ಮಿಷನ್ನು ಮಾರಿ, ಇನ್ನೊಂದನ್ನು ಲಾರಿಗೆ ಹಾಕಿಕೊಂಡು ಈ ಮೂಲೆಗೆ ಬಂದಳು. ಇಲ್ಲಿ ಬೆರಳೆಣಿಕೆಯ ಮನೆಗಳು, ಅವನಿಗೆ ಕೆಲಸ ಕೊಟ್ಟ ಒಂದು ಸಸಿ ತೋಟ, ಒಂದು ಅಂಗಡಿ. ಗುಡ್ಡದ ತಿರುವಿನಲ್ಲಿ ಒಂದೇ ಕೋಣೆಯ ಪ್ರಾರ್ಥನೆಯ ಮನೆ.

ಪಟ್ಟಣದಲ್ಲಿ ಅವನು ದೇವರ ಸುದ್ದಿ ಎತ್ತಿದವನಲ್ಲ. ಗ್ಯಾರೇಜಿನ ಮಾಲೀಕನನ್ನು, ಬಿಸಿಲನ್ನು, ಪಕ್ಕದ ಮನೆಯ ರೇಡಿಯೋವನ್ನು ಬೈದುಕೊಂಡು ಮನೆಗೆ ಬರುತ್ತಿದ್ದ. ಎಲ್ಲವನ್ನೂ ಅವಳ ಮುಂದೆ ಸುರಿದ ಮೇಲೇ ಅವನಿಗೆ ಊಟ ಸೇರುತ್ತಿದ್ದದ್ದು. ಈಗ ಬೈಗುಳವೂ ಇಲ್ಲ, ದೂರೂ ಇಲ್ಲ. ನಲ್ಲಿಯಲ್ಲಿ ನೀರು ಬಂದರೆ ದೇವರ ದಯೆ, ಸಸಿ ಚಿಗುರಿದರೆ ದೇವರ ದಯೆ. ಸಂಜೆಯಾದರೆ ಮುಖ ತೊಳೆದು, ತಲೆ ಬಾಚಿ, "ಕೈಮುಗಿದು ಬರ್ತೀನಿ," ಎಂದು ಹೊರಟುಬಿಡುವುದು. ಕತ್ತಲಾಗುವ ಹೊತ್ತಿಗೆ ಹಗುರಾಗಿ ಹಿಂತಿರುಗುವುದು. ಅವಳಿಗೆ ಹೇಳಬೇಕಾದದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸಿ ಬಂದವನ ಹಾಗೆ ಸುಮ್ಮನೆ ಊಟಕ್ಕೆ ಕೂರುವುದು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ದೇವರ ಜಾಗದಲ್ಲಿ ಯಾರಾದರೂ ಹೆಂಗಸಿದ್ದಿದ್ದರೆ ಹೋಗಿ ಜುಟ್ಟು ಹಿಡಿಯಬಹುದಿತ್ತು. ಈ ದೇವರನ್ನು ಎಲ್ಲಿ ಅಂತ ಹಿಡಿಯುವುದು?

ಅವತ್ತು ಸಂಜೆ ಅವನು ಬಾಚಣಿಗೆ ಎತ್ತಿಕೊಂಡಾಗ ಅವಳು ಕೇಳಿಯೇಬಿಟ್ಟಳು.

"ರೀ, ರಾತ್ರಿಯೆಲ್ಲ ಕೂತು ನಿಮ್ಮ ಬೆನ್ನು ತಟ್ಟಿದ್ದು ಯಾರು?"

"ನೀನು."

"ಬೇಸಿನ್ ತೊಳೆದಿದ್ದು?"

"ನೀನೇ. ಯಾಕೀಗ?"

"ಮತ್ತೆ ಥ್ಯಾಂಕ್ಸು ಮಾತ್ರ ಅಲ್ಲಿಗೆ ಯಾಕೆ ಹೋಗುತ್ತೆ ಅಂತ."

ಅವನು ಬಾಚಣಿಗೆಯ ಹಲ್ಲುಗಳನ್ನು ನೋಡುತ್ತಾ ನಿಂತ. ಏನೋ ಹೇಳಲು ಬಾಯಿ ತೆರೆದ. ಕೊನೆಗೆ, "ಬೇಗ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಅವಳು ಸ್ವಲ್ಪ ಹೊತ್ತು ಮಿಷನ್ ತುಳಿದಳು. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಿದರೆ ಮತ್ತೂ ಸೊಟ್ಟಗಾಯಿತು. ಇವತ್ತು ಇಬ್ಬರನ್ನೂ ಎದುರುಬದುರು ಕೂರಿಸಿಯೇ ಕೇಳುತ್ತೇನೆ ಎಂದು ಬಾಗಿಲು ಎಳೆದುಕೊಂಡು ಹೊರಟಳು.

ಪ್ರಾರ್ಥನೆಯ ಮನೆಯಲ್ಲಿ ದೀಪ ಉರಿಯುತ್ತಿತ್ತು. ಗಂಡನಿರಲಿಲ್ಲ. ಅವಳು ಒಳಗೆಲ್ಲ ಕಣ್ಣಾಡಿಸಿ, ದೀಪದ ಕಡೆ ತಿರುಗಿ, "ಎಲ್ಲಿ ಕಳಿಸಿದೆ?" ಎಂದು ಗದರಿದಳು.

ಇಳಿಜಾರಿನಲ್ಲಿ ವಾಪಸು ಬರುವಾಗ ಅಂಗಡಿಯವಳ ಮನೆಯ ಮುಂದೆ ಅವನ ಚಪ್ಪಲಿ ಕಂಡಿತು. ಎಡಗಾಲಿನದಕ್ಕೆ ತಾನೇ ದಪ್ಪ ದಾರದಲ್ಲಿ ಹಾಕಿದ ಹೊಲಿಗೆ ಇತ್ತು. ಅಂಗಡಿಯವಳು ಚೆಂದ ನಗುವ ಹೆಂಗಸು. ಗಂಡನಿಲ್ಲದವಳು, ತಂದೆಯನ್ನು ಜೊತೆಗಿಟ್ಟುಕೊಂಡಿದ್ದಳು. ಇವಳು ಬಾಗಿಲವರೆಗೆ ಹೋಗಿ ನಿಂತಳು. ಬೆಳಿಗ್ಗೆಯಷ್ಟೇ ದೇವರ ಜಾಗದಲ್ಲಿ ಹೆಂಗಸಿದ್ದಿದ್ದರೆ ಎಂದುಕೊಂಡಿದ್ದಳಲ್ಲ, ಈಗ ಜುಟ್ಟು ಹಿಡಿಯುವ ಶಕ್ತಿ ಎಲ್ಲಿ ಹೋಯಿತೋ. ಗೋಡೆ ಹಿಡಿದುಕೊಂಡು ಪಕ್ಕದ ಕಿಟಕಿಗೆ ಹೋದಳು.

ಅಂಗಡಿಯವಳು ಅಲ್ಲಿರಲಿಲ್ಲ. ಕಲ್ಲು ಒಡೆದು ಎದೆ ಕೆಡಿಸಿಕೊಂಡಿದ್ದ ಅವಳ ಮುದಿ ತಂದೆ ತಲೆದಿಂಬು ಅಪ್ಪಿಕೊಂಡು ಬಾಗಿ ಕೂತಿದ್ದ. ಹಿಂದೆ ಗಂಡ ನಿಂತಿದ್ದ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮೊಣಕೈಯವರೆಗೆ ಸರ್ರನೆ ಸವರಿಕೊಂಡ. ತುಂಡುತೋಳಿನ ಅಂಗಿಯಲ್ಲಿ ಅಲ್ಲಿ ಸರಿಸಲು ಏನೂ ಇರಲಿಲ್ಲ. ಆಮೇಲೆ ಬೆರಳು ಸೇರಿಸಿ ಅಂಗೈ ಗುಳಿ ಮಾಡಿದ.

"ಬರ್ಲಿ, ಬರ್ಲಿ," ಎಂದ.

ಮುದುಕ ಕೆಮ್ಮಿ ಸುಧಾರಿಸಿಕೊಂಡು ಕೇಳಿದ, "ಅದೇನಪ್ಪಾ, ದಿನಾ ಮೊದಲು ಕೈ ನೀವ್ಕೋತೀಯ?"

"ಅದು ಹಾಗೇ ಮಾಡ್ಬೇಕು. ನಮ್ಮನೆಯವಳು ಹಾಗೇ ಮಾಡೋದು. ಕನ್ನಡೀಲಿ ದಿನಾ ನೋಡ್ತೀನಲ್ಲ."

"ನೀನಿಲ್ಲಿ ಬರೋದು ಆಯಮ್ಮಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ನಿಮ್ಮ ಕೆಮ್ಮು ನಂಗೆ ಹತ್ತುತ್ತೆ ಅಂತ ಕಾಲು ಮುರಿದು ಕೂರಿಸ್ತಾಳೆ."

"ಒಳ್ಳೇ ಹೆಂಗಸು. ಒಂದು ಮಾತು ಹೇಳಿದ್ದೀಯಾ ಅವಳಿಗೆ?"

ಗಂಡ ಮತ್ತೆ ತಟ್ಟತೊಡಗಿದ.

"ಇವತ್ತೂ ಹೇಳೋಕೆ ಹೋದೆ. ಬಾಚಣಿಗೆ ನೋಡ್ತಾ ನಿಂತುಬಿಟ್ಟೆ. ದೇವರಿಗೆ ಹೇಳೋದು ಸುಲಭ. ಅವನು ಎದುರಿಗೆ ಕೂತು ಮುಖ ನೋಡಲ್ಲ."

ಅವಳು ಕಿಟಕಿಯಿಂದ ಹಿಂದೆ ಸರಿದಳು. ಬಳೆ ಸದ್ದಾಗದ ಹಾಗೆ ಕೈ ಹಿಡಿದುಕೊಂಡು ಇಳಿಜಾರು ಹತ್ತಿದಳು. ಮನೆ ಇದ್ದದ್ದು ಕೆಳಗೆ. ಆದರೂ ಮೇಲಕ್ಕೇ ಹತ್ತಿದಳು.

ದೀಪ ಇನ್ನೂ ಉರಿಯುತ್ತಿತ್ತು. ಏನು ಹೇಳಬೇಕೆಂದು ತಿಳಿಯದೆ ಹೊಸ್ತಿಲ ಬಳಿ ನಿಂತಳು. ಅಭ್ಯಾಸವಿದ್ದವಳಲ್ಲ. ಅಳು ಬಂದಿತ್ತು, ಒರೆಸಿಕೊಂಡಳು.

"ಆ ಥ್ಯಾಂಕ್ಸಲ್ಲಿ ಅರ್ಧ ನಿಂದು. ಇನ್ನರ್ಧ ನಂದು, ತಿಳೀತಾ?" ಎಂದಳು.

ಬಲಗೈಯ ಬಳೆಗಳನ್ನು ಮೊಣಕೈಗೆ ಸರಿಸಿ ಕೈ ಜೋಡಿಸಿದಳು. ಅಂಗೈಗಳು ಚಪ್ಪಟೆಯಾಗಿ ಕೂರಲಿಲ್ಲ. ಬೆರಳುಗಳು ಸೇರಿದವು, ನಡುವೆ ಗುಳಿ ಹಾಗೇ ಉಳಿಯಿತು.