ಎಡೆಗೆ ಬೇಕಾದದ್ದು

ಹೂವಿನವಳು ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಾಳೆ, ಒಂದು ಹನಿ ನನ್ನ ಕಾಲಿಗೂ ಬಿತ್ತು, ತಣ್ಣಗಿದೆ, ಎಷ್ಟು ಹೊತ್ತಿನಿಂದ ಇಲ್ಲೇ ನಿಂತಿದ್ದೇನೋ, ಬಂಗಾರಪೇಟೆ ಮಾರ್ಕೆಟ್ಟು ಎರಡು ಸಲ ಸುತ್ತಿದೆ, ಬಾಳೆಲೆ ಆಯಿತು, ಕುಂಬಳಕಾಯಿ ಆಯಿತು, ಅತ್ತೆಗೆ ಹೊಗೆಸೊಪ್ಪು, ದೊಡ್ಡ ಭಾವನಿಗೆ ಒಣಮೀನು — ನಾಳೆ ಮಹಾಲಯ ಅಮಾವಾಸ್ಯೆ, ಸತ್ತವರಿಗೆಲ್ಲ ಎಡೆ ಇಡಬೇಕು, ಬದುಕಿದ್ದಾಗ ಅವರವರಿಗೆ ಏನಿಷ್ಟವೋ ಅದನ್ನೇ ಇಡಬೇಕು — ಇನ್ನು ನಮ್ಮ ಯಜಮಾನರದು ಮಾತ್ರ ಉಳಿದಿದೆ, ಅವರಿಗೆ ಏನಿಷ್ಟ ಅನ್ನುವುದೇ ನೆನಪಾಗುತ್ತಿಲ್ಲ, ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ. ಬೇರೆಯದೆಲ್ಲ ಇದೆ, ಚಿನ್ನದ ಗಣಿಯಿಂದ ಬಂದು ಕಂಪನಿ ಕೊಟ್ಟ ಲೈನ್ ಮನೆಯ ಹೊಸ್ತಿಲ ಮೇಲೆ ಕೂತು ಬೂಟು ಕಳಚುವಾಗಿನ ಆ ವಾಸನೆ, ಎಡಗಿವಿ ಕೇಳಿಸುತ್ತಿರಲಿಲ್ಲ, ನಾನು ಬೇಕೆಂದೇ ಆ ಕಡೆ ಕೂತು ಬಯ್ಯುತ್ತಿದ್ದೆ, ಅವರು ನಗುತ್ತಿದ್ದರು, ಕೇಳಿಸುತ್ತಿತ್ತೋ ಏನೋ, ಕಳ್ಳ, ಗಣಿ ಮುಚ್ಚಿದ ದಿನ ಗೋಡೆ ಕಡೆ ತಿರುಗಿ ಮಲಗಿದ್ದು, ಆಮೇಲೆ ಹನ್ನೊಂದು ವರ್ಷ ಬೆಳಗಿನ ರೈಲು ಹತ್ತಿ ಬೆಂಗಳೂರಲ್ಲಿ ಯಾರದೋ ಗೇಟು ಕಾದದ್ದು — ಎಲ್ಲ ಇದೆ, ಆಸೆಪಟ್ಟು ಏನು ತಿನ್ನುತ್ತಿದ್ದರು ಅನ್ನುವುದೊಂದು ಹೋಗಿದೆ. ಬೋಟಿಯೇ? ಥೂ, ಅದು ನಮ್ಮಣ್ಣನಿಗೆ. ಕಾಲು ಸೋಲುತ್ತಿದೆ, ಈ ಮಂಡಿಯಂತೂ ನನ್ನದೇ ಅಲ್ಲ.

ಒಣಮೀನಿನ ಸೆಲ್ವರಾಜ್ ಅಂಗಡಿಯಿಂದಲೇ ಕೇಳುತ್ತಾನೆ, ಏನಕ್ಕಾ ಇನ್ನೂ ಓಗಿಲ್ವಾ, ಬಸ್ಸು ಬರೋ ಒತ್ತಾಯ್ತು, ಓಯ್ತೀನಪ್ಪಾ ಅಂದೆ, ಎಲ್ಲಿಗೆ ಹೋಗಲಿ ಬರಿಗೈಯಲ್ಲಿ. ಸೊಸೆಗೆ ಫೋನು ಮಾಡಿ ಕೇಳಬಹುದು, ಕೇಳಿದರೆ ಗೊತ್ತಾಗಿಬಿಡುತ್ತದೆ. ಹೋದ ತಿಂಗಳು ಹಾಲು ಸೀದು ಪಾತ್ರೆ ಕರಿಯಾದಾಗ ತೂಕಡಿಕೆ ಬಂದಿತ್ತು ಅಂದೆ, ಮೊಮ್ಮಗಳನ್ನು ನನ್ನ ತಂಗಿಯ ಹೆಸರು ಹಿಡಿದು ಕರೆದಾಗ ತಮಾಷೆಗೆ ಅಂದೆ, ನಂಬಿದರು. ಆದರೆ ಈ ಮನೆಯಲ್ಲಿ ಸತ್ತವರ ಇಷ್ಟವೆಲ್ಲ ನನ್ನೊಬ್ಬಳಿಗೇ ಗೊತ್ತಿರುವುದು, ಅದೂ ಹೋಯಿತು ಅಂದರೆ ಮೂಲೆಯಲ್ಲಿ ಕೂರಿಸುತ್ತಾರೆ, ಪೇಟೆಗೂ ಕಳಿಸುವುದಿಲ್ಲ, ಭಯವಾಗುತ್ತದೆ. ಜಾಣತನ ಮಾಡಿ ಫೋನು ಮಾಡಿದೆ, ಎಲ್ಲಾ ತಕಂಡೆ ಕಣಮ್ಮ ಇಂದ್ರಾಣಿ, ಇನ್ನೇನಾರ ಬೇಕಾ. ಅತ್ತೆ, ಬ್ಯಾಗಿನ ಒಳಜೇಬಲ್ಲಿ ಚೀಟಿ ಇಕ್ಕಿದೀನಿ, ನೋಡ್ಕಳಿ. ಮೆತ್ತಗೆ ಹೇಳಿದಳು, ಜ್ವರದ ಮಗುವಿಗೆ ಹೇಳುವ ಹಾಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು, ನಗು ಬಂತು, ಬಿಡಿಸಿದೆ, ದಪ್ಪ ದಪ್ಪ ಅಕ್ಷರ, ಮಾವನಿಗೆ ಕೊಬ್ಬರಿ ಬಿಸ್ಕತ್ತು — ಹೌದಲ್ಲ, ಟೀಯಲ್ಲಿ ಅದ್ದಿ ಅದ್ದಿ, ಅರ್ಧ ಮುರಿದು ಲೋಟದೊಳಗೆ ಬಿದ್ದರೆ ಬೆರಳು ಹಾಕಿ ತೆಗೆಯುತ್ತಿದ್ದರು, ಇದನ್ನೂ ಮರೆತೆನಲ್ಲ ನನ್ನ ರಾಜಾ — ಕೆಳಗೆ ಇನ್ನೂ ಏನೋ ಇದೆ, ಬಿಸ್ಕತ್ತು ಬರೆದದ್ದು ಹೊಸ ಪೆನ್ನು, ಇದು ಹಳೆಯ ಶಾಯಿ, ಮಡಿಸಿ ಮಡಿಸಿ ಕಾಗದ ಹರಿಯುವಂತಾಗಿದೆ, ಎಷ್ಟು ತಿಂಗಳಿಂದ ಇದನ್ನು ಹೊತ್ತು ತಿರುಗುತ್ತಿದ್ದೇನೋ, ಇವರ ಹೆಸರು ಅಮ್ಮಾಜಮ್ಮ, ನಂದಿದುರ್ಗ ಗಣಿ ಲೈನು, ಇವರು ಸಿಕ್ಕಿದರೆ ದಯವಿಟ್ಟು ಈ ನಂಬರಿಗೆ ಫೋನು ಮಾಡಿ, ಸಿಕ್ಕಿದರೆ, ಬಿಸ್ಕತ್ತು ತಗೊಳ್ಳಬೇಕು, ಬಸ್ಸು ಬರುತ್ತದೆ, ದಪ್ಪ ದಪ್ಪ ಅಕ್ಷರ, ಇವರ ಹೆಸರು ಅಮ್ಮಾಜಮ್ಮ, ಇವರು ಸಿಕ್ಕಿದರೆ —