ಕತ್ತರಿಯಣ್ಣನ ಹೆಗಲು, ತೋರಿಕೆಯ ಆಪರೇಷನ್

ಊರಿಗೆಲ್ಲ ತಲೆ ತಗ್ಗಿಸಲು ಹೇಳುವ ಕತ್ತರಿಯಣ್ಣನಿಗೆ ಅವನ ಹೆಗಲೇ ಕೈಕೊಟ್ಟಿತು. ಬಲಗೈ ಕಿವಿಯ ಮಟ್ಟ ದಾಟುತ್ತಿರಲಿಲ್ಲ. ಸಲೂನ್ ನಡೆಸುವವನಿಗೆ ಇದು ಸಣ್ಣ ಸಂಗತಿಯಲ್ಲ. ಕುಳ್ಳಗಿರುವವರ ತಲೆ ಹೇಗೋ ಸಾಗುತ್ತಿತ್ತು. ಉದ್ದನೆಯವರು ಬಂದರೆ "ಸ್ವಲ್ಪ ಜಾರಿ ಕೂತ್ಕೊಳ್ಳಿ ಸಾರ್, ಇನ್ನೂ ಸ್ವಲ್ಪ" ಎನ್ನುತ್ತ ಕುರ್ಚಿಯಿಂದ ನೆಲಕ್ಕೇ ಇಳಿಸುತ್ತಿದ್ದ. ಹೀಗೇ ಬಿಟ್ಟರೆ ಕೈಯ ಜೊತೆ ಅಂಗಡಿಯ ಶಟರ್ ಕೂಡ ಮೇಲೇಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಗಲಿನ ಆಪರೇಷನ್ ಒಂದರ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಸೇರುತ್ತೀರಾ ಎಂದು ಇವನನ್ನೂ ಕೇಳಿದ್ದರು. ಆ ಕೆಲಸ ನೋಡಿಕೊಳ್ಳುವ ನರ್ಸು ಪಕ್ಕದ ಬೀದಿಯವಳೇ. ಸಲೂನಿನ ಬೆಂಚಿನ ಮೇಲೆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ವಿವರಿಸಿದಳು.

"ನೋಡಿ ಅಣ್ಣ, ಅರ್ಧ ಜನಕ್ಕೆ ಪೂರ್ತಿ ಆಪರೇಷನ್. ಒಳಗೆ ಉಜ್ಜುತ್ತಿರೋ ಮೂಳೆನ ಸ್ವಲ್ಪ ತರೀತಾರೆ. ಇನ್ನರ್ಧ ಜನಕ್ಕೆ ಪ್ರಜ್ಞೆ ತಪ್ಪಿಸಿ, ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡಿ, ಹೊಲಿದು ಕಳಿಸ್ತಾರೆ."

"ತರಿಯೋದೇ ಇಲ್ವಾ?" ಹೆಂಡತಿ ಕೇಳಿದಳು.

"ಇಲ್ಲ ಅತ್ತಿಗೆ. ಅದನ್ನ ತೋರಿಕೆ ಆಪರೇಷನ್ ಅಂತೀವಿ."

"ನಾವು ಅದನ್ನ ಮೋಸ ಅಂತೀವಿ."

"ಏ, ಸುಮ್ನಿರೇ," ಎಂದ ಕತ್ತರಿಯಣ್ಣ.

"ಯಾಕ್ರೀ ಸುಮ್ನಿರ್ಲಿ? ಗಾಯ ನಿಮ್ಮ ಮೈಗೆ, ಲಾಭ ಯಾರಿಗೆ?"

ನರ್ಸು ಬೇಸರಪಡಲಿಲ್ಲ. "ಕೆಲವರಿಗೆ ಆಪರೇಷನ್ ಆಯ್ತು ಅನ್ನೋ ನಂಬಿಕೆಗೇ ನೋವು ಇಳಿಯುತ್ತೆ. ಕೆಲವರಿಗೆ ತಾನಾಗೇ ಇಳಿಯುತ್ತೆ. ನಾವು ಮೂಳೆ ತರಿದಿದ್ದಕ್ಕೇ ವಾಸಿಯಾಯ್ತು ಅಂತ ಬೆನ್ನು ತಟ್ಕೊಳ್ತೀವಿ. ಹೋಲಿಸಿ ನೋಡದಿದ್ರೆ, ಪ್ರಯೋಜನ ಇಲ್ಲದ ಆಪರೇಷನ್ನನ್ನ ಊರಿಗೆಲ್ಲ ಮಾಡ್ತಾನೇ ಇರ್ತೀವಿ."

"ಓಹೋ, ನಮ್ಮನೆಯವರು ಬೋಳು ಮೇಷ್ಟ್ರಿಗೆ ಮಾಡೋ ಹಾಗೆ!"

ಮೇಷ್ಟ್ರ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ. ಆದರೂ ಕತ್ತರಿಯಣ್ಣ ಅವರ ಕಿವಿಯ ಹತ್ತಿರ ಗಾಳಿಯನ್ನು ಬಹಳ ಹೊತ್ತು ಕಚಕಚ ಕತ್ತರಿಸುತ್ತಾನೆ. ತಲೆ ಹಗುರಾಯಿತೆಂದು ಅವರು ಸಂತೋಷದಿಂದ ಹೋಗುತ್ತಾರೆ.

ನರ್ಸು ನಕ್ಕಳು. "ಅಣ್ಣ ಮೇಷ್ಟ್ರಿಗೆ ಹೇಳಿ ಮಾಡಲ್ಲ, ನಾವು ಮೊದಲೇ ಹೇಳಿ, ಕೇಳಿ ಮಾಡ್ತೀವಿ. ಮತ್ತೆ ಗಾಳಿಗೆ ಗಾಯ ಆಗಲ್ಲ, ಮೈಗೆ ಆಗುತ್ತೆ. ಪ್ರಜ್ಞೆ ತಪ್ಪಿಸೋದ್ರಲ್ಲಿ, ತೂತು ಮಾಡೋದ್ರಲ್ಲಿ ಅಪಾಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ನಮ್ಮ ಹಂಗಿಲ್ಲದ ಒಂದು ಸಮಿತಿ ನೋಡಿ ಒಪ್ಪಿದ ಮೇಲೇ ಶುರು ಮಾಡಿದ್ದು."

"ನೋವು ಜಾಸ್ತಿ ಆದ್ರೆ?" ಹೆಂಡತಿ ಬಿಡಲಿಲ್ಲ.

"ಆಸ್ಪತ್ರೆ ನೋಡ್ಕೊಳ್ಳುತ್ತೆ. ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು. ಎಲ್ಲ ಮುಗಿದ ಮೇಲೆ ಯಾರಿಗೆ ಏನು ಮಾಡಿದ್ವಿ ಅಂತಾನೂ ಹೇಳ್ತೀವಿ."

"ಬೇಡ ಅಂದ್ಬಿಟ್ರೆ?"

"ಎಲ್ಲರಿಗೂ ಕೊಡೋ ಚಿಕಿತ್ಸೆ ಇವರಿಗೂ ಸಿಗುತ್ತೆ. ಯಾರೂ ಮುಖ ಗಂಟು ಹಾಕಲ್ಲ."

ಹೆಂಡತಿಯ ಹುಬ್ಬು ಸಡಿಲವಾಯಿತು. ಅಷ್ಟರಲ್ಲಿ ಕತ್ತರಿಯಣ್ಣ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ಎಲ್ಲಿ ಸಿಸ್ಟರ್ ಸಹಿ?"

"ತಡೀರಿ ಅಣ್ಣ. ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ."

"ಅರ್ಧ ಜನಕ್ಕೆ ನಿಜ, ಅರ್ಧ ಜನಕ್ಕೆ ತೋರಿಕೆ. ನನಗೆ ನಿಜದ್ದು."

"ನಿಮಗೆ ನಿಜದ್ದು ಅಂತ ಯಾರು ಹೇಳಿದ್ರು?"

ಅವನು ಕನ್ನಡಿಯಲ್ಲಿ ಮೀಸೆ ನೋಡಿಕೊಂಡ. "ಅದನ್ನೂ ಹೇಳ್ಬೇಕಾ? ಆಪರೇಷನ್ ಮಾಡೋ ಮೂಳೆ ಡಾಕ್ಟ್ರ ತಲೆ ಎಷ್ಟೋ ವರ್ಷದಿಂದ ನನ್ನ ಕೈಲಿದೆ. ಅವರ ಕತ್ತಿನ ಮೇಲೆ ಕತ್ತಿ ಇಡೋನು ನಾನು. ನನಗೆ ಬರೀ ತೂತು ಮಾಡಿ ಕಳಿಸ್ತಾರಾ? ನೀವೂ ಇದ್ದೀರಲ್ಲ, ಪಕ್ಕದ ಬೀದಿಯವರು."

ನರ್ಸು ಒಪ್ಪಿಗೆ ಪತ್ರವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಹಾಗಾದ್ರೆ ನಿಮ್ಮ ಸಹಿ ಬೇಡ."

"ಒಪ್ಕೊಂಡ್ರೂ ಬೇಡ್ವಾ?"

"ನೀವು ಒಪ್ಕೊಂಡಿರೋದು ಬೇರೆ ಯಾವುದಕ್ಕೋ. ಯಾರಿಗೆ ಯಾವುದು ಅಂತ ಚೀಟಿ ಎತ್ತೋದು ಕಂಪ್ಯೂಟರ್. ಅದಕ್ಕೆ ಗಡ್ಡನೂ ಇಲ್ಲ, ಮುಲಾಜೂ ಇಲ್ಲ. ಡಾಕ್ಟ್ರಿಗೆ ಆಪರೇಷನ್ ಟೇಬಲ್ ಹತ್ರ ಬಂದ ಮೇಲೇ ತಿಳಿಯೋದು. ನನಗೆ, ನಿಮಗೆ ಕೊನೇವರೆಗೂ ತಿಳಿಯಲ್ಲ. ಅಣ್ಣ, ಇದರಿಂದ ನಿಮಗೆ ಒಳ್ಳೇದಾಗಬಹುದು, ಆಗದೇನೂ ಇರಬಹುದು. ನಾವು ಮಾಡ್ತಿರೋದು ತಿಳ್ಕೊಳ್ಳೋಕೆ."

ಕತ್ತರಿಯಣ್ಣ ಪೆನ್ನಿಗೆ ಮುಚ್ಚಳ ಹಾಕಿದ. ಈಗ ಹೆಂಡತಿಯೇ ಬಾಯಿ ಹಾಕಿದಳು. "ರೀ, ಇದು ಮೋಸ ಅಲ್ಲ ಕಣ್ರೀ. ನಾಳೆ ನಾಲ್ಕು ಜನಕ್ಕೆ ಅನುಕೂಲ ಆಗುತ್ತೆ."

"ಮೋಸ ಅಂತ ನಾನೆಲ್ಲಿ ಅಂದೆ? ಅಂದಿದ್ದು ನೀನು. ಆದ್ರೆ ಗಾಯ ಮಾಯೋವರೆಗೂ ಅಂಗಡಿ ಮುಚ್ಚಿ ಕೂತು, ಕೊನೆಗೆ ಬರೀ ತೂತು ಅಂತ ಗೊತ್ತಾದ್ರೆ ನನ್ನ ಮನಸ್ಸು ತಡೆಯಲ್ಲ." ನರ್ಸಿನ ಮುಖ ನೋಡದೆಯೇ ಹೇಳಿದ. "ಬೇಡ ಸಿಸ್ಟರ್. ಡಾಕ್ಟ್ರು ಬೇಜಾರು ಮಾಡ್ಕೊಂಡು ಬೇರೆ ಸಲೂನಿಗೆ ಹೋದ್ರೆ ಹೋಗ್ಲಿ."

"ಹೋಗಲ್ಲ ಬಿಡಿ. ಎಲ್ಲರಿಗೂ ಕೊಡೋ ಚಿಕಿತ್ಸೆ ಈಗಲೇ ಶುರು ಮಾಡೋಣ. ಏಳಿ, ಗೋಡೆ ಹತ್ರ ನಿಂತ್ಕೊಳ್ಳಿ. ಗೋಡೆ ಮೇಲೆ ಬೆರಳು ನಡೆಸ್ತಾ ನಡೆಸ್ತಾ ಕೈ ಮೇಲಕ್ಕೆ ಒಯ್ಯಿರಿ. ದಿನಾ ಮಾಡ್ಬೇಕು, ಕಳ್ಳ ಬೀಳ್ಬಾರ್ದು."

ಅದೇ ವಾರ, ಇಂಥದೇ ಹೆಗಲು ನೋವಿದ್ದ ಎದುರುಮನೆಯ ಪೇಂಟರ್ ಎಲ್ಲ ಕೇಳಿ, ತನಗೆ ಬರೀ ತೂತೂ ಸಿಗಬಹುದೆಂದು ತಿಳಿದೇ ಸಹಿ ಹಾಕಿದ. ಅವನ ಹೂಂ ಎಷ್ಟು ಗಟ್ಟಿಯೋ ಇವನ ಉಹೂಂ ಅಷ್ಟೇ ಗಟ್ಟಿ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಸಂಶೋಧನೆಗೆ ಸೇರಿ ಎಂದು ನಿಮ್ಮನ್ನೂ ಯಾರಾದರೂ ಕೇಳಬಹುದು. ಹೆದರಿ ಓಡಬೇಡಿ, ನಂಬಿ ಮೈಮರೆಯಬೇಡಿ. ನನಗೆ ಏನೂ ಮಾಡದೆ ಬರೀ ಹೊಲಿದು ಕಳಿಸುವ ಸಾಧ್ಯತೆ ಇದೆಯೇ, ಅಪಾಯವೇನು, ಬೇಡವೆಂದರೆ ಬೇರೆ ಚಿಕಿತ್ಸೆ ಏನಿದೆ, ನಡುವೆ ಬಿಡಬಹುದೇ ಎಂದು ಬಾಯಿಬಿಟ್ಟು ಕೇಳಿ. ಮನೆಯವರನ್ನೂ ಕೇಳಲು ಬಿಡಿ. ಸಹಿ ಹಾಕುವ ಕೈ ನಿಮ್ಮದು. ಅವಸರ ಬೇರೆಯವರದಾಗಿದ್ದರೆ, ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.